ಕಂಬದ ಹಿಂದಿನ ದಿಂಬು

ಸೋಫಾ ಮೇಸ್ತ್ರಿಗೆ ಈ ಲೋಕದಲ್ಲಿ ಯಾವುದೂ ಸರಿ ಕಂಡಿದ್ದಿಲ್ಲ. ಯಾರ ಮನೆಗೆ ಹೋದರೂ ಮೊದಲು ಕುರ್ಚಿಯ ಸೀಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ, ಆಮೇಲೆ ಆ ಮನೆಯ ಯಜಮಾನನ ಮುಖ ನೋಡುತ್ತಿದ್ದ. ಎರಡರ ಒಳಗೂ ತುಂಬಿರುವುದು ಕಳಪೆ ಮಾಲು ಎಂಬ ತೀರ್ಪು ಹೆಬ್ಬೆರಳು ಮೇಲೇಳುವ ಮೊದಲೇ ಆಗಿಹೋಗಿರುತ್ತಿತ್ತು. ಆ ತೀರ್ಪನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳುವ ಅಭ್ಯಾಸವೂ ಅವನಿಗಿರಲಿಲ್ಲ. "ಸ್ಪಂಜು ಕೂತಿದೆ, ಸ್ಪ್ರಿಂಗು ಸತ್ತಿದೆ. ಇದರ ಮೇಲೆ ಇಷ್ಟು ದಿನ ಕೂತಿದ್ದಕ್ಕೆ ನಿಮಗೆ ನಾಚಿಕೆ ಆಗ್ಲಿಲ್ವಾ?" ಎಂದು ಮುಖಕ್ಕೇ ಹೇಳಿ ಕೆಲಸ ಹಿಡಿದುಕೊಂಡು ಬರುತ್ತಿದ್ದ. ಬೈಸಿಕೊಂಡವರೇ ಮತ್ತೆ ಅವನನ್ನು ಹುಡುಕಿಕೊಂಡು ಬರುತ್ತಿದ್ದರು, ಏಕೆಂದರೆ ಕೆಲಸ ಮಾತ್ರ ಅಪ್ಪಟ. ಬೇರೆ ಅಂಗಡಿಯವರು ಕಂಪನಿಯ ಗ್ಯಾರಂಟಿ ಕೊಟ್ಟರೆ ಇವನದು ಬಾಯಿಮಾತಿನ ಗ್ಯಾರಂಟಿ: "ನಾನು ತುಂಬಿದ್ದು ನಾನು ಸತ್ತ ಮೇಲೂ ತಗ್ಗಲ್ಲ."

ತಗ್ಗು ಎಂದರೆ ಅವನಿಗೆ ಅಷ್ಟು ಅಸಹ್ಯ. ಅವನ ಕಸುಬಿನಲ್ಲಿ ತಗ್ಗು ಎನ್ನುವುದು ರೋಗ, ತುಂಬುವುದೇ ಅದಕ್ಕೆ ಔಷಧ. ಸೀಟಿನ ತಗ್ಗು ನೋಡಿ ಕೂತವರ ಗುಣ ಹೇಳಬಲ್ಲೆ ಎಂಬ ಜಂಭ ಬೇರೆ. ಒಂದು ಮಗ್ಗುಲಿಗೆ ತಗ್ಗಿದ್ದರೆ ಸೋಮಾರಿ, ತುದಿಯಲ್ಲಿ ತಗ್ಗಿದ್ದರೆ ಹೆಂಡತಿಗೆ ಹೆದರುವವನು, ನಟ್ಟನಡುವೆ ತಗ್ಗಿದ್ದರೆ ಸರ್ಕಾರಿ ನೌಕರ.

ಈ ತುಂಬುವ ಚಪಲವೇ ಅವನನ್ನು ಕೆಡಿಸಿದ್ದು. ಹೆಂಡತಿ ತೀರಿಕೊಂಡ ವಾರ ಹಾಸಿಗೆಯಲ್ಲಿ ಅವಳ ಮಗ್ಗುಲಿನ ತಗ್ಗು ಹಾಗೇ ಉಳಿದಿತ್ತು. ಹೆಗಲಿನದು, ಸೊಂಟದ್ದು, ಮಡಚಿದ ಮೊಣಕಾಲಿನದು, ಎಲ್ಲದರ ಗುರುತೂ ಇತ್ತು. ಮೇಸ್ತ್ರಿಗೆ ಅದನ್ನು ನೋಡಲಾಗಲಿಲ್ಲ. ನೋಡಲಾಗದವನು ಕೂತು ಅಳಬಹುದಿತ್ತು, ಬಾಗಿಲು ಎಳೆದುಕೊಂಡು ಹೊರಗೆ ಹೋಗಬಹುದಿತ್ತು, ಮಗಳ ಮನೆಯಲ್ಲಿ ನಾಲ್ಕು ದಿನ ಬಿದ್ದುಕೊಂಡಿರಬಹುದಿತ್ತು. ಈ ಮಹಾನುಭಾವ ಹಾಸಿಗೆ ಬಿಚ್ಚಿ, ಹತ್ತಿ ಹಿಂಜಿ, ಹೊಸ ಹತ್ತಿ ಸೇರಿಸಿ, ದಬ್ಬಣದಲ್ಲಿ ಹೊಲಿದು, ಒಂದೇ ಮಧ್ಯಾಹ್ನದಲ್ಲಿ ಅದನ್ನು ಮಟ್ಟಸ ಮಾಡಿಬಿಟ್ಟ. ಕೈಯಾಡಿಸಿ ನೋಡಿ ತೃಪ್ತಿಯನ್ನೂ ಪಟ್ಟ. ಮಲಗಿದ ಮೇಲೆ ತಿಳಿಯಿತು, ಅದು ಮೇಜಿನ ಮೇಲೆ ಮಲಗಿದ ಹಾಗಿದೆ ಎಂದು. ಅವಳು ಅಲ್ಲಿದ್ದಳು ಎನ್ನುವುದಕ್ಕೆ ಉಳಿದಿದ್ದ ಗುರುತನ್ನು ಅವನೇ ಕೈಯಾರೆ ಅಳಿಸಿ, ಮೇಲಿಂದ ಬಟ್ಟೆ ಹೊಲಿದಿದ್ದ. ಅಂದಿನಿಂದ ಅವನ ನಿದ್ದೆ ಅಂಗಡಿಯ ಬೆಂಚಿಗೆ ವರ್ಗವಾಯಿತು.

ಆಮೇಲೆ ಶುರುವಾಯಿತು ಖಾಲಿ. ಊಟಕ್ಕೆ ರುಚಿಯಿಲ್ಲ, ಬೈಗುಳಕ್ಕೆ ಖಾರವಿಲ್ಲ. ಒಳಗಿನದನ್ನೆಲ್ಲ ಕಿತ್ತು ಹಾಕಿದ ಗವಸಣಿಗೆಯ ಹಾಗೆ ಎದೆ ಅಂಟಿಕೊಂಡಿತ್ತು. ಖಾಲಿಯಾದವನೊಬ್ಬ ಕಣ್ಣಿಗೆ ಬಿದ್ದರೆ ಸಾಕು, ತುಂಬಿಸುತ್ತೇವೆಂದು ಓಡಿಬರುವವರಿಗೆ ಎಲ್ಲಿಯೂ ಬರವಿಲ್ಲ. ಕ್ಷೌರದವನು ನಗೆಕೂಟಕ್ಕೆ ಸೇರಿಸಿದ. ಪಾರ್ಕಿನಲ್ಲಿ ದುಂಡಗೆ ನಿಂತು ಹೇಳಿಸಿಕೊಂಡು ಹಹಹ ಎನ್ನುವ ನಿವೃತ್ತ ಅಧಿಕಾರಿಗಳನ್ನು ಮೇಸ್ತ್ರಿ ಸ್ವಲ್ಪ ಹೊತ್ತು ನೋಡಿದ. ಪಕ್ಕದವರ ಹೊಟ್ಟೆ ಕುಣಿಯುವುದನ್ನು ತೋರಿಸಿ "ಹೊಲಿಗೆ ಬಿಗಿ ಮಾಡಿಸ್ಕೊಳ್ಳಿ, ಒಳಗಿಂದೆಲ್ಲ ಜಾರ್ತಿದೆ" ಎಂದು ಹೇಳಿ ಹೊರಬಿದ್ದ. ಎದುರುಮನೆಯವರು ಗಿಳಿ ಸಾಕಲು ಹೇಳಿದರು. ಯಾರೋ ಪುಣ್ಯಾತ್ಮರು ಅಂಗಡಿಯ ಬಾಗಿಲ ಕೆಳಗೆ ಬಣ್ಣದ ಕರಪತ್ರ ತೂರಿಸಿ ಹೋದರು. ಅದರಲ್ಲಿ ಒಂದು ಸೂರ್ಯೋದಯ, ಒಂದು ಫೋನ್ ನಂಬರು, ನಡುವೆ ದಪ್ಪಕ್ಷರದಲ್ಲಿ: 'ನಿಮ್ಮ ಹೃದಯ ಖಾಲಿಯೇ? ಯೇಸು ತುಂಬುವನು!'

"ಓಹೋ, ಇವರೂ ನಮ್ಮ ಕಸುಬಿನವರೇ" ಎಂದ ಮೇಸ್ತ್ರಿ. ಆ ಕಾಗದದಲ್ಲಿ ಅಂಟಿನ ಡಬ್ಬಿ ಒರೆಸಿ ಬಿಸಾಡಿದ.

ಯೇಸುವಿನ ಪರಿಚಯ ಅವನಿಗೆ ಹೊಸದೇನಲ್ಲ. ಕೂಸಾಗಿದ್ದಾಗ ಜ್ಞಾನಸ್ನಾನ ಮಾಡಿಸಿದ್ದರು, ಆಗ ಕಿರುಚಿ ರಂಪ ಮಾಡಿದ್ದನಂತೆ. ಮದುವೆಗೆಂದು ಒಮ್ಮೆ ಚರ್ಚಿನ ಮೆಟ್ಟಿಲು ಹತ್ತಿದ್ದ, ಹೆಂಡತಿಯನ್ನು ಮಣ್ಣು ಮಾಡುವ ದಿನ ಇನ್ನೊಮ್ಮೆ. ನಡುವಿನ ಭಾನುವಾರಗಳೆಲ್ಲ ಹೆಂಡತಿಯ ಪಾಲು. ಅವಳು ಬೆಳಿಗ್ಗೆ ಹೋದವಳು ಎಲ್ಲರೂ ಮನೆ ಸೇರಿದ ಎಷ್ಟೋ ಹೊತ್ತಿನ ಮೇಲೆ ಬರುತ್ತಿದ್ದಳು, ಮೊಣಕಾಲಿನಲ್ಲಿ ಕೆಂಪು ಗುರುತು ಹೊತ್ತುಕೊಂಡು. "ಏನೇ, ನಿನ್ನ ದೇವರ ಮನೆ ನೆಲ ಒರೆಸಿ ಬಂದ್ಯಾ?" ಎಂದು ಇವನು ಪ್ರತಿ ಭಾನುವಾರವೂ ಕೇಳುತ್ತಿದ್ದ. ಅದೇ ಮಾತು, ಅದೇ ನಗು. ಅವಳು ಉತ್ತರ ಕೊಡದೆ ಒಲೆ ಹಚ್ಚುತ್ತಿದ್ದಳು. ಉತ್ತರ ಬರದಿದ್ದದ್ದನ್ನು ಮೇಸ್ತ್ರಿ ತನ್ನ ಗೆಲುವೆಂದು ತಿಳಿದಿದ್ದ.

ಹೀಗಿರುವಾಗ ಒಂದು ದಿನ ಚರ್ಚಿನ ಫಾದರ್ರೇ ಅಂಗಡಿಗೆ ಬಂದರು. ತೆಳ್ಳಗಿನ ಮನುಷ್ಯ. ಕೂರಲು ಕೊಟ್ಟ ಸ್ಟೂಲಿನ ಅಂಚಿನಲ್ಲಿ ಕೂತರು. ಹೆಂಡತಿಯಿಲ್ಲದವರೂ ಹೀಗೆ ಕೂರುತ್ತಾರಲ್ಲ ಎಂದು ಮೇಸ್ತ್ರಿಗೆ ತನ್ನ ಶಾಸ್ತ್ರದ ಮೇಲೆಯೇ ಅನುಮಾನ ಬಂತು.

"ಮೊಣಕಾಲೂರೋ ದಿಂಬುಗಳೆಲ್ಲ ಹಳೇದಾಗಿವೆ ಮೇಸ್ತ್ರಿ. ಮರದ ಸಾಹುಕಾರರು ಎಲ್ಲಾನೂ ಹೊಸದಾಗಿ ಮಾಡಿಸಿ ಕೊಡ್ತೀನಿ ಅಂದಿದಾರೆ. ಈ ಕೆಲಸ ನಿಮ್ಮಿಂದಾನೇ ಆಗ್ಬೇಕು ಅಂತ ನನ್ನ ಆಸೆ."

"ಸಾಹುಕಾರರ ಹೆಸರನ್ನ ಎಲ್ಲಿ ಹೊಲೀಬೇಕು? ದಿಂಬಿನ ಮೇಲೋ ಕೆಳಗೋ?"

ಫಾದರ್ ನಗಲೂ ಆಗದೆ ಬಿಡಲೂ ಆಗದೆ, "ಬಾಗಿಲ ಹತ್ರ ಒಂದು ಫಲಕ ಹಾಕ್ತೀವಿ" ಎಂದರು.

"ಮತ್ತೆ ದೇವರ ಹೆಸರಿಗೆ ಜಾಗ ಉಳಿಯುತ್ತಾ?"

ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಮಗಳು "ಅಪ್ಪಾ" ಎಂದು ಕಣ್ಣು ಬಿಟ್ಟಳು. ಅವಳದು ಪಕ್ಕದ ಬೀದಿಯಲ್ಲಿ ಸಂಸಾರ, ಹಗಲು ಅಪ್ಪನ ಅಂಗಡಿಯಲ್ಲಿ ಗವಸಣಿಗೆ ಹೊಲಿಯುವ ಕೆಲಸ. ಚರ್ಚಿನ ವಿಷಯದಲ್ಲಿ ಅವಳು ಅಪ್ಪನ ಮಗಳೇ. ಚಿಕ್ಕವಳಿದ್ದಾಗ ಬಿಟ್ಟವಳು ಮತ್ತೆ ಅತ್ತ ತಲೆ ಹಾಕಿರಲಿಲ್ಲ. ಅಪ್ಪ ಈ ಕೆಲಸಕ್ಕೆ ಇನ್ನೂ ನಾಲ್ಕು ಕುಟುಕು ಮಾತು ಸೇರಿಸಿ ಇಲ್ಲವೆನ್ನುತ್ತಾನೆ ಎಂದೇ ಅವಳು ತಿಳಿದಿದ್ದಳು. ಮೇಸ್ತ್ರಿ ಮಾತ್ರ ಅಳತೆಯ ಟೇಪು ಜೇಬಿಗೆ ಹಾಕಿಕೊಂಡು ಎದ್ದುಬಿಟ್ಟ.

ಯಾಕೆ ಎದ್ದ ಎಂದು ಅವನು ಯಾರಿಗೂ ಹೇಳಲಿಲ್ಲ. ಮೊಣಕಾಲೂರುವ ದಿಂಬು ಎಂದ ಕೂಡಲೇ ಅವನಿಗೆ ನೆನಪಾಗಿದ್ದು ಆ ಕೆಂಪು ಗುರುತುಗಳು. ಅವಳ ಮೊಣಕಾಲಿಗೆ ದಿಂಬಿನ ಗುರುತು ಬಿದ್ದಿದ್ದರೆ, ದಿಂಬಿಗೂ ಅವಳ ಮೊಣಕಾಲಿನ ಗುರುತು ಬಿದ್ದಿರಲೇಬೇಕು. ಹಾಸಿಗೆ ಹೋಯಿತು. ಲೋಕದಲ್ಲಿ ಅವಳ ಆಕಾರ ಉಳಿದಿರುವ ವಸ್ತು ಇನ್ನೊಂದೇ ಒಂದು ಇದೆ. ಅದನ್ನು ಬೇರೆ ಯಾವ ಕಳಪೆ ಕೆಲಸದವನೂ ಬಿಚ್ಚುವ ಮೊದಲು ತಾನು ಹುಡುಕಿ ಉಳಿಸಿಕೊಳ್ಳಬೇಕು. ಇಷ್ಟು ದಿನಗಳ ಖಾಲಿಯಲ್ಲಿ ಅವನಿಗೆ ಏನಾದರೂ ಬೇಕು ಅನ್ನಿಸಿದ್ದು ಅದೇ ಮೊದಲು.

ಚರ್ಚಿನಲ್ಲಿ ಆ ಹೊತ್ತಿಗೆ ಇದ್ದವಳು ಗಂಟೆ ಅಜ್ಜಿ ಒಬ್ಬಳೇ. ಗಂಟೆ ಹೊಡೆಯುವುದು, ನೆಲ ಗುಡಿಸುವುದು, ಮೇಣದ ಬತ್ತಿಯ ತುಂಡು ಕೆರೆದು ತೆಗೆಯುವುದು ಎಲ್ಲ ಅವಳದೇ. ಮೇಸ್ತ್ರಿಯನ್ನು ಕಂಡು ಪೊರಕೆ ನಿಲ್ಲಿಸಿ, "ಸೊಂಟ ಹೇಗಿದೆ ಈಗ?" ಎಂದಳು. ತನ್ನ ಸೊಂಟದ ಸುದ್ದಿ ಇವಳಿಗೇಕೆ ಎಂದು ಮೇಸ್ತ್ರಿ ಹುಬ್ಬು ಗಂಟಿಕ್ಕಿದ.

ಅಲ್ಲಿ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು: ನನ್ನ ಹೆಂಡತಿ ಯಾವ ಜಾಗದಲ್ಲಿ ಕೂರ್ತಿದ್ದಳು? ಆದರೆ ಒಂದು ಜೀವಮಾನ ಜೊತೆಗೆ ಬಾಳಿದವನಿಗೆ ಹೆಂಡತಿಯ ಜಾಗ ಗೊತ್ತಿಲ್ಲ ಎಂದು ಕಸಗುಡಿಸುವ ಮುದುಕಿಯ ಮುಂದೆ ಒಪ್ಪಿಕೊಳ್ಳುವುದು ಹೇಗೆ? ಮೇಸ್ತ್ರಿಯ ಮೂಗು ಅಷ್ಟು ತಗ್ಗಲು ಸಿದ್ಧವಿರಲಿಲ್ಲ. ತಗ್ಗು ಓದುವ ವಿದ್ಯೆ ಕೈಯಲ್ಲಿರುವಾಗ ಕೇಳುವುದೇತಕ್ಕೆ ಎಂದುಕೊಂಡು, ಸಾಲು ಸಾಲಾಗಿ ಬಗ್ಗಿ ದಿಂಬುಗಳನ್ನು ಪರೀಕ್ಷಿಸತೊಡಗಿದ.

ಬೆಂಚಿನ ಕೆಳಹಲಗೆಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ದಿಂಬು. ಹೆಚ್ಚಿನವು ಉಬ್ಬಿಕೊಂಡೇ ಇದ್ದವು, ಅವುಗಳ ಮೇಲೆ ಮೊಣಕಾಲಿಗಿಂತ ಧೂಳು ಕೂತದ್ದೇ ಹೆಚ್ಚು. "ಭಕ್ತರು!" ಎಂದು ಮೂಗು ಮುರಿಯುತ್ತ ಮುಂದಿನ ಸಾಲಿಗೆ ಬಂದ. ಹೆಂಡತಿಯನ್ನು ಮಣ್ಣು ಮಾಡುವ ದಿನ ಅವನನ್ನು ಇದೇ ಮುಂದಿನ ಬೆಂಚಿನಲ್ಲಿ ಕೂರಿಸಿದ್ದರು. ಅವಳ ಜಾಗವೂ ಇಲ್ಲೇ ಆಗಿದ್ದರಿಂದ ತಾನೇ ಕೂರಿಸಿದ್ದು? ಬಲತುದಿಯ ದಿಂಬಿನ ಮೇಲೆ ಪಕ್ಕಪಕ್ಕದಲ್ಲಿ ಎರಡು ಚಿಕ್ಕ, ಹಗುರ ತಗ್ಗುಗಳಿದ್ದವು. ಸಣ್ಣ ಮೈಕಟ್ಟಿನ ಹೆಂಗಸು, ಹೆಚ್ಚು ಭಾರ ಹಾಕದವಳು. ಮೇಸ್ತ್ರಿಯ ಹೆಬ್ಬೆರಳು ಆ ತಗ್ಗಿನಲ್ಲಿ ಇಳಿಯಿತು. ಕಣ್ಣು ತುಂಬಿ ಬಂತು. ಗಂಟೆ ಅಜ್ಜಿ ನೋಡಿದಳೇನೋ ಎಂದು ಜೋರಾಗಿ ಕೆಮ್ಮಿ, "ಥೂ, ಏನು ಧೂಳು!" ಎಂದ.

ಕೊನೆಯ ಸಾಲಿನಲ್ಲಿ, ಕಂಬದ ಹಿಂದೆ, ಬಲಿಪೀಠವೂ ಕಾಣದ ಮೂಲೆಯಲ್ಲಿ ಒಂದು ದಿಂಬಿತ್ತು. ಅದರ ಅವಸ್ಥೆ ನೋಡಿ ಮೇಸ್ತ್ರಿಗೆ ಹಳೆಯ ಉತ್ಸಾಹವೇ ಮರಳಿತು. ರೆಕ್ಸಿನ್ ಸವೆದು ನೂಲು ಕಾಣುತ್ತಿತ್ತು, ಒಳಗಿನ ನಾರು ಹಲಗೆ ಮುಟ್ಟುವಷ್ಟು ಅಮುಕಿಹೋಗಿತ್ತು, ಎರಡು ಗುಂಡಿಗಳು ಎರಡು ಬಟ್ಟಲಿನಷ್ಟು ಆಳ. "ಅಬ್ಬಬ್ಬಾ! ಇದು ಯಾವ ಪಾಪಿದು?" ಎಂದು ಬಾಯಿಗೆ ಬಂದದ್ದನ್ನು ಅಂದುಬಿಟ್ಟ.

ಗಂಟೆ ಅಜ್ಜಿ ಹತ್ತಿರ ಬಂದಳು. "ಅದನ್ನ ಸ್ವಲ್ಪ ನೋಡಿ ಮಾಡಿ ಮೇಸ್ತ್ರಿ. ಅದು..."

"ಅಜ್ಜೀ, ನಾನು ನಿಮ್ಗೆ ಗಂಟೆ ಹೊಡೆಯೋದು ಹೇಳಿಕೊಡ್ತೀನಾ? ನೀವು ನನಗೆ ದಿಂಬು ಹೇಳಿಕೊಡ್ಬೇಡಿ."

ಇವನಿಗೆ ಎಲ್ಲ ಗೊತ್ತಿದೆ, ಗಂಡಸು, ದುಃಖವನ್ನು ಹೀಗೆ ಒರಟಾಗಿ ಆಡುತ್ತಿದ್ದಾನೆ ಎಂದು ಅಜ್ಜಿ ಅಂದುಕೊಂಡಳೋ ಏನೋ. ಪೊರಕೆ ಎತ್ತಿಕೊಂಡು ಹೋಗಿಬಿಟ್ಟಳು.

ದಿಂಬುಗಳೆಲ್ಲ ಗಾಡಿಯಲ್ಲಿ ಅಂಗಡಿಗೆ ಬಂದವು. ಮುಂದಿನ ಸಾಲಿನ ಬಲತುದಿಯ ದಿಂಬಿಗೆ ಮೇಸ್ತ್ರಿ ನಡೆಸಿದ ಉಪಚಾರ ಹೇಳತೀರದು. ಹಳೆಯ ರೆಕ್ಸಿನ್ನನ್ನು ಬಿಚ್ಚಲೇ ಇಲ್ಲ. ಒಳಗಿನ ನಾರಿನ ಒಂದು ಎಳೆಯೂ ಕದಲದ ಹಾಗೆ ಮೇಲಿಂದ ಹೊಸ ಗವಸಣಿಗೆ ತೊಡಿಸಿ, ತಗ್ಗು ತಗ್ಗಾಗಿಯೇ ಉಳಿಯುವಂತೆ ಕೈಹೊಲಿಗೆಯಲ್ಲಿ ಸುತ್ತ ಹಿಡಿದ. ತುಂಬುವುದನ್ನೇ ಧರ್ಮ ಮಾಡಿಕೊಂಡವನು ಹುಟ್ಟಿದಾರಭ್ಯ ಮೊದಲ ಸಲ ಒಂದು ತಗ್ಗನ್ನು ಕಾಪಾಡುತ್ತಿದ್ದ. ಮಗಳು ಕಣ್ಣಂಚಿನಲ್ಲೇ ನೋಡುತ್ತ ಯಂತ್ರ ತುಳಿದಳು.

ಕಂಬದ ಹಿಂದಿನ ದಿಂಬಿನ ಸರದಿ ಬಂದಾಗ ಮೇಸ್ತ್ರಿಗೆ ಮಾತಿನ ಹಬ್ಬ. "ನೋಡು ಮಗಳೇ, ಇದರ ಮೇಲೆ ಮಂಡಿಯೂರಿದವನು ಸಾಮಾನ್ಯದವನಲ್ಲ. ಒಂದೋ ಯಾರ ಆಸ್ತಿಯೋ ನುಂಗಿದಾನೆ, ಇಲ್ಲ ಯಾರ ಮನೆಯೋ ಹಾಳು ಮಾಡಿದಾನೆ. ಇಷ್ಟು ಭಾರ ಹೊತ್ಕೊಂಡು ಬರೋಕೆ ಸಾಧಾರಣ ಪಾಪ ಸಾಲಲ್ಲ. ಅದಕ್ಕೇ ಕಂಬದ ಹಿಂದೆ ಅಡಗಿ ಕೂತಿದಾನೆ, ದೇವರಿಗೆ ಮುಖ ತೋರ್ಸೋಕಾಗದೆ."

"ಹೆಂಗಸೂ ಇರಬಹುದಲ್ಲಪ್ಪ."

"ಹೆಂಗಸಾದ್ರೆ ಇನ್ನೂ ದೊಡ್ಡ ಪಾಪಿ" ಎಂದು ಗಹಗಹಿಸಿ ನಕ್ಕ. ತಿಂಗಳುಗಳ ಮೇಲೆ ಬಂದ ನಗು ಅದು. ನಗುತ್ತಲೇ ಬ್ಲೇಡಿನಿಂದ ರೆಕ್ಸಿನ್ ಸೀಳಿ, ಹಳೆಯ ನಾರನ್ನು ಹಿಡಿಹಿಡಿಯಾಗಿ ಕಿತ್ತು ಚೀಲಕ್ಕೆ ತುರುಕಿದ. ಹೊಸ ನಾರು ಒತ್ತಿ, ಮೇಲೆ ಹತ್ತಿ ಹಾಸಿ, ತನ್ನ ಕೈಯಲ್ಲಿದ್ದ ವಿದ್ಯೆಯನ್ನೆಲ್ಲ ಅದರೊಳಗೆ ಸುರಿದ. ಮುಗಿದ ಮೇಲೆ ಮುಷ್ಟಿಯಿಂದ ಗುದ್ದಿ ನೋಡಿದ. ಮುಷ್ಟಿಯೇ ಹಿಂದಕ್ಕೆ ಚಿಮ್ಮಿತು. "ಆ ಪಾಪಿ ಇನ್ನೊಂದು ಜನ್ಮ ಮಂಡಿಯೂರಿದ್ರೂ ಇದು ತಗ್ಗಲ್ಲ" ಎಂದು ಹೆಮ್ಮೆಯಿಂದ ಮೊಳೆ ಬಡಿದ.

ದಿಂಬುಗಳನ್ನು ಅವುಗಳ ಜಾಗಕ್ಕೆ ಸೇರಿಸಿದ ಭಾನುವಾರ ಮೇಸ್ತ್ರಿ ಮಗಳನ್ನೂ ಕರೆದುಕೊಂಡು ಚರ್ಚಿಗೆ ಹೋದ. ಎತ್ತರ ಸರಿಯಾಗಿದೆಯೋ ನೋಡಬೇಕು ಎಂಬ ನೆಪ ಇತ್ತು. ಒಳಗೆ ಬಾರದೆ ಬಾಗಿಲ ಹತ್ತಿರವೇ ಕೈಕಟ್ಟಿ ನಿಂತ. ಮರದ ಸಾಹುಕಾರರು ತಮ್ಮ ಫಲಕದ ಮುಂದೆ ಆಗಾಗ ಹಾದುಹೋಗುತ್ತಿದ್ದರು, ಆಕಸ್ಮಿಕ ಎಂಬಂತೆ. ಹಾಡು ಬೇಸುರಾಗಿತ್ತು, ಫಾದರ್ ಮಾಡಿದ ಪ್ರಸಂಗ ಉದ್ದವಾಗಿತ್ತು. ಮೇಸ್ತ್ರಿ ಮನಸ್ಸಿನಲ್ಲಿ ಎಲ್ಲರ ಹೊಲಿಗೆ ಬಿಚ್ಚುತ್ತ ಹಾಯಾಗಿದ್ದ.

ಪ್ರಸಂಗ ಮುಗಿದ ಮೇಲೆ ಬಿನ್ನಹಗಳ ಸರದಿ. ಯಾರಿಗೆ ಏನು ಬೇಡುವುದಿದೆಯೋ ಅದನ್ನು ಕೂತಲ್ಲಿಂದಲೇ ಗಟ್ಟಿಯಾಗಿ ಹೇಳುವುದು, ಉಳಿದವರೆಲ್ಲ ಒಟ್ಟಾಗಿ ಅದಕ್ಕೆ ದನಿಗೂಡಿಸುವುದು ಅಲ್ಲಿನ ಪದ್ಧತಿ. ಒಬ್ಬರು ಮೊಮ್ಮಗಳ ಪರೀಕ್ಷೆಗೆ ಬೇಡಿದರು, ಇನ್ನೊಬ್ಬರು ಲೋಕದ ಶಾಂತಿಗೆ. ಆಮೇಲೆ ಹಿಂದಿನಿಂದ ಗಂಟೆ ಅಜ್ಜಿಯ ಒಡಕು ಗಂಟಲು ಎದ್ದಿತು:

"ಸೋಫಾ ಮೇಸ್ತ್ರಿಯ ಸೊಂಟ ನೋವಿಗಾಗಿ ಬೇಡಿಕೊಳ್ಳೋಣ."

ಇಡೀ ಚರ್ಚು, ಸಾಹುಕಾರರೂ ಸೇರಿದಂತೆ, ಒಂದು ಚೂರೂ ನಗದೆ, ದಿನಾ ಹೇಳಿ ರೂಢಿಯಾದವರ ಹಾಗೆ ಒಂದೇ ರಾಗದಲ್ಲಿ ಹೇಳಿತು: "ಪ್ರಭುವೇ, ನಮ್ಮ ಮೊರೆಯನ್ನು ಆಲಿಸು."

ಮೇಸ್ತ್ರಿಯ ಮುಖ ಕೆಂಪೇರಿತು. ಲೋಕವನ್ನೆಲ್ಲ ಗೇಲಿ ಮಾಡಿದವನಿಗೆ ಗೇಲಿಯಲ್ಲದೆ ಬೇರೇನೂ ಹೊಳೆಯುವುದಿಲ್ಲ. ತನ್ನನ್ನು ಎಲ್ಲರೂ ಸೇರಿ ಆಡಿಕೊಳ್ಳುತ್ತಿದ್ದಾರೆ ಎಂದೇ ಅವನು ತಿಳಿದ. ಪೂಜೆ ಮುಗಿಯುವುದನ್ನೇ ಕಾದು, ಅಜ್ಜಿಯ ಮೇಲೆ ಹರಿಹಾಯಲು ಹೆಜ್ಜೆ ಎತ್ತಿದ. ಅಷ್ಟರಲ್ಲಿ ಸಾಹುಕಾರರ ಹೆಂಡತಿ ಅಡ್ಡ ಬಂದರು.

"ಏನ್ರೀ ಮೇಸ್ತ್ರಿ, ಎಲ್ಲರ ದಿಂಬೂ ಹೊಸದಾಗಿದೆ. ಖರ್ಚು ಹಾಕಿದ ನಮಗೇ ತಗ್ಗು ದಿಂಬಾ?" ಎಂದು ಮುಂದಿನ ಸಾಲಿನ ಬಲತುದಿಗೆ ಕೈ ತೋರಿಸಿದರು.

"ಅದು ನಿಮ್ಮದಲ್ಲಮ್ಮ. ಅದರ ಮೇಲೆ ಮಂಡಿಯೂರ್ತಿದ್ದವರು..."

"ಯಾರೂ ಮಂಡಿಯೂರಲ್ಲ ಅಲ್ಲಿ. ನನಗೆ ಮಂಡಿ ನೋವು, ಕೂತೇ ಇರ್ತೀನಿ. ಅದರ ಮೇಲೆ ನನ್ನ ಬ್ಯಾಗೂ ಬಿಸಿನೀರಿನ ಫ್ಲಾಸ್ಕೂ ಇಡೋದು. ಎಷ್ಟೋ ವರ್ಷದಿಂದ ಅಲ್ಲೇ ಇಡ್ತಿದೀನಿ. ಈಗ್ಲೂ ನೋಡಿ, ಅದರ ಗುಂಡಿ ಹಾಗೇ ಇದೆ."

ಮೇಸ್ತ್ರಿ ಬಗ್ಗಿ ನೋಡಿದ. ಒಂದು ತಗ್ಗಿನಲ್ಲಿ ಚರ್ಮದ ಬ್ಯಾಗು, ಇನ್ನೊಂದರಲ್ಲಿ ಫ್ಲಾಸ್ಕು, ಹೇಳಿ ಮಾಡಿಸಿದ ಹಾಗೆ ಕೂತಿದ್ದವು. ತಗ್ಗು ನೋಡಿ ಗುಣ ಹೇಳುವ ಪಂಡಿತ ಒಂದು ಫ್ಲಾಸ್ಕಿನ ತಳಕ್ಕೆ ಕಣ್ಣೀರು ಹಾಕಿದ್ದ. ಅದಕ್ಕೆ ಕೈಹೊಲಿಗೆಯ ಸೇವೆಯನ್ನೂ ಸಲ್ಲಿಸಿದ್ದ.

"ಹಾಗಾದ್ರೆ ಅವಳು?" ಎಂದ. ಸೊಕ್ಕೆಲ್ಲ ಇಳಿದ ದನಿ ಅದು. "ಅವಳು ಎಲ್ಲಿ ಕೂರ್ತಿದ್ದಳು?"

ಗಂಟೆ ಅಜ್ಜಿ ಉತ್ತರ ಕೊಟ್ಟಳು. "ನಿಮ್ಮ ಮನೆಯವರಾ? ಕಂಬದ ಹಿಂದೆ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆನಲ್ಲ ಮೇಸ್ತ್ರಿ?"

ಮಗಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ಮೇಸ್ತ್ರಿ ಚರ್ಚಿನಿಂದ ಹೊರಗೆ ಓಡಿದ. ಸೊಂಟ ಹಿಡಿದುಕೊಂಡು, ಬೀದಿಯ ಜನ ತಿರುಗಿ ನೋಡುವ ಹಾಗೆ ಓಡಿದ. ಅಂಗಡಿಯ ಹಿಂದೆ ಹಳೆಯ ನಾರಿನ ಚೀಲಗಳು ಇನ್ನೂ ಇದ್ದವು. ಒಂದು ಚೀಲದ ಬಾಯಿ ಬಿಚ್ಚಿ ನೆಲಕ್ಕೆ ಸುರಿದ, ಇನ್ನೊಂದನ್ನು ಸುರಿದ. ಚರ್ಚಿನ ದಿಂಬುಗಳ ನಾರೆಲ್ಲ ಒಂದರೊಳಗೊಂದು ಸೇರಿ ಒಂದೇ ಕಂದು ರಾಶಿಯಾಗಿತ್ತು. ಕೈ ಹಾಕಿ ಕೆದಕಿದ, ಮುಖದ ಹತ್ತಿರ ಹಿಡಿದು ನೋಡಿದ. ಯಾವುದು ಅವಳದು, ಯಾವುದು ಉಳಿದವರದು? ರಾಶಿಯಲ್ಲಿ ತಗ್ಗು ಎಲ್ಲಿಂದ ಬರಬೇಕು? ಮಗಳು ಹಿಂದೆ ಓಡಿಬಂದಾಗ ಅವನು ನಾರಿನ ನಡುವೆ ಕೂತು, ಎರಡೂ ಕೈಯಿಂದ ತಲೆ ಚಚ್ಚಿಕೊಳ್ಳುತ್ತಿದ್ದ.

"ಎರಡು ಸಲ ಅಳಿಸಿದೆನಲ್ಲೇ! ಮನೇಲೊಂದ್ಸಲ, ಇಲ್ಲೊಂದ್ಸಲ. ಪಾಪಿ ಅಂತ ಬೇರೆ ಅಂದೆ. ನಕ್ಕೆ!"

ಮಗಳೂ ಪಕ್ಕದಲ್ಲಿ ಕೂತು ಅತ್ತಳು. ಅಪ್ಪನ ಜೊತೆ ಅವಳು ಸೇರಿ ಅತ್ತದ್ದು ಅಮ್ಮ ಸತ್ತ ದಿನವೂ ಅಲ್ಲ, ಆ ಭಾನುವಾರ.

ಮಧ್ಯಾಹ್ನದ ಮೇಲೆ ಮೇಸ್ತ್ರಿ ಮತ್ತೆ ಚರ್ಚಿಗೆ ಹೋದ. ಜನ ಹೋಗಿಯಾಗಿತ್ತು. ಗಂಟೆ ಅಜ್ಜಿ ಗುಡಿಸುತ್ತಿದ್ದಳು. ಜಗಳ ಮಾಡುವ ಕಸುವು ಅವನಲ್ಲಿ ಉಳಿದಿರಲಿಲ್ಲ. "ನನ್ನ ಸೊಂಟದ ವಿಷಯ ಯಾಕೆ ಎತ್ತಿದ್ರಿ?" ಎಂದು ಮಾತ್ರ ಕೇಳಿದ.

"ಅಯ್ಯೋ, ಅದು ನಿಮ್ಮ ಮನೆಯವರದೇ ಪದ್ಧತಿ. ಪ್ರತಿ ಭಾನುವಾರ ನಿಮಗಾಗೇ ಬೇಡ್ತಿದ್ರು. ಒಂದ್ಸಲ ಹಲ್ಲು, ಒಂದ್ಸಲ ಕೆಮ್ಮು. ಕೂರೋಕಾಗದ ಜಾಗದಲ್ಲಿ ನಿಮಗೆ ಕುರು ಆಗಿತ್ತಲ್ಲ, ಅದಕ್ಕೂ ಇಡೀ ಚರ್ಚು ಮೊರೆ ಇಟ್ಟಿದೆ. ಆಸ್ಪತ್ರೆಗೆ ಸೇರೋ ಮುಂಚೆ ನನ್ನ ಕೈ ಹಿಡ್ಕೊಂಡು, ಸೊಂಟ ಒಂದು ಬಾಕಿ ಇದೆ ಅಜ್ಜಿ, ಬಿಡಬೇಡಿ ಅಂದ್ರು. ಅದಕ್ಕೇ ಬಿಟ್ಟಿಲ್ಲ."

ಮೇಸ್ತ್ರಿ ಹತ್ತಿರದ ಬೆಂಚು ಹಿಡಿದುಕೊಂಡ. ತಾನು ಯಾರ ಹೊಲಿಗೆಯನ್ನು ಬಿಚ್ಚುತ್ತ ನಿಂತಿದ್ದನೋ ಅವರೆಲ್ಲ ವರ್ಷಗಳಿಂದ ತನ್ನ ಹಲ್ಲಿಗೂ ಕುರುವಿಗೂ ದೇವರ ಮುಂದೆ ಬಾಯಿ ತೆರೆದಿದ್ದರು. ಬೇಸುರಾಗಿ, ಅರೆನಿದ್ದೆಯಲ್ಲಿ, ಕೆಲವರು ವಾಚು ನೋಡುತ್ತ ಹೇಳಿರಬಹುದು. ಆದರೂ ಹೇಳಿದ್ದರು.

"ಎಲ್ಲರೂ ಹೋದ ಮೇಲೂ ಕೂರ್ತಿದ್ದಳಲ್ಲ. ಅಷ್ಟು ಹೊತ್ತು ಏನು ಬೇಡ್ತಿದ್ದಳು?"

ಅಜ್ಜಿ ಪೊರಕೆಯನ್ನು ಕಂಬಕ್ಕೆ ಒರಗಿಸಿ, ಗಂಟೆ ಎಳೆದೆಳೆದು ನೋಯುವ ಭುಜ ತಿಕ್ಕಿಕೊಂಡಳು. "ಏನೂ ಬೇಡ್ತಿರ್ಲಿಲ್ಲ. ಸುಮ್ನೆ ಇರ್ತಿದ್ರು. ನಾನೂ ಒಂದ್ಸಲ ಕೇಳ್ದೆ. ಎಲ್ಲರೂ ತುಂಬಿಸ್ಕೊಳ್ಳೋಕೆ ಬರ್ತಾರೆ ಅಜ್ಜಿ, ನಾನು ಇಳಿಸೋಕೆ ಬರ್ತೀನಿ ಅಂದ್ರು. ವಾರವೆಲ್ಲ ಮನೇಲಿ ಕೇಳಿದ ಕೊಂಕು ಮಾತೆಲ್ಲ ಇಲ್ಲಿ ಇಳಿಸಿ, ಖಾಲಿಯಾಗಿ ಹೋದ್ರೆ ನಮ್ಮ ಮನೆಯವರನ್ನ ಮತ್ತೆ ನಗುಮುಖದಿಂದ ನೋಡಬಹುದು ಅಂದ್ರು." ಅಜ್ಜಿ ಮತ್ತೆ ಪೊರಕೆ ಎತ್ತಿಕೊಂಡು, "ನೀವು ಕೇಳಿದ್ರಿ ಅಂತ ಹೇಳ್ದೆ" ಎಂದಳು.

ಭಾರದಿಂದ ಆದ ತಗ್ಗು ಬೇರೆ, ಎಷ್ಟೋ ಹೊತ್ತು ಊರಿದ್ದರಿಂದ ಆದ ತಗ್ಗು ಬೇರೆ. ಕಸುಬಿನವನಿಗೆ ಮುಟ್ಟಿದರೆ ತಿಳಿಯಬೇಕು. ಅವನಿಗೆ ತಿಳಿದಿರಲಿಲ್ಲ. ಆದರೆ ಯಾರೋ ದೊಡ್ಡ ಪಾಪ ಹೊತ್ತು ತಂದಿದ್ದಾರೆ ಎಂದು ಅಂದಿದ್ದನಲ್ಲ, ಅದೊಂದು ಸರಿಯಾಗಿತ್ತು. ಪಾಪ ಅವನದು, ಹೊತ್ತದ್ದು ಅವಳು.

ಅಜ್ಜಿ ಗುಡಿಸಲು ಆ ಕಡೆ ಹೋದಳು. ಮೇಸ್ತ್ರಿ ಕಂಬದ ಹಿಂದೆ ನಿಂತು ತಾನೇ ತುಂಬಿದ ದಿಂಬನ್ನು ನೋಡಿದ. ಗುಂಡುಗುಂಡಾಗಿ ಉಬ್ಬಿ, ಮಿರಮಿರ ಮಿಂಚುತ್ತ, ಹೆಮ್ಮೆಯಿಂದ ಬೀಗುತ್ತಿತ್ತು; ಮಾಡಿದವನ ಮೂತಿಯೇ ಅದು. ಬೆಂಚು ಹಿಡಿದು, ನರಳುತ್ತ, ಒಂದು ಮೊಣಕಾಲು ಊರಿದ, ಆಮೇಲೆ ಇನ್ನೊಂದು. ದಿಂಬು ಅವನನ್ನು ಒಪ್ಪಲಿಲ್ಲ. ಕಲ್ಲಿನ ಹಾಗೆ ಗಟ್ಟಿಯಾಗಿ ಮೇಲಕ್ಕೆ ನೂಕಿತು. ಅವನು ಇನ್ನಷ್ಟು ಭಾರ ಹಾಕಿದ. ಎದುರಿಗೆ ಕಂಬ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ದೇವರಿಗೆ ಏನು ಹೇಳುವುದು ಎಂದು ತಿಳಿಯದೆ, ಗೊತ್ತಿದ್ದ ಭಾಷೆಯಲ್ಲೇ ಶುರುಮಾಡಿದ. "ನೋಡಪ್ಪಾ, ನೀನು ಇದ್ದೀಯೋ ಇಲ್ವೋ ಆ ತಂಟೆ ನನಗೆ ಬೇಡ. ಅವಳ ಮಾತು ಕೇಳ್ತಿದ್ದೆಯಂತೆ. ಅವಳು ಇಳಿಸಿದ್ದೆಲ್ಲ ನನ್ನ ಮಾಲು. ಅದನ್ನ ವಾಪಸ್ ತಗೊಳ್ಳೋಕೆ ಬಂದಿದೀನಿ." ಮುಂದೆ ಯಾವ ಮಾತೂ ಬರಲಿಲ್ಲ, ಕೊಂಕೂ ಬರಲಿಲ್ಲ. ನಾಲಿಗೆ ಹೀಗೆ ಸುಮ್ಮನೆ ಬಿದ್ದದ್ದು ಅವನಿಗೆ ನೆನಪಿದ್ದ ಹಾಗೆ ಅದೇ ಮೊದಲು. ಎದೆಯ ಖಾಲಿ ತುಂಬಿತೇ ಎಂದರೆ, ಇಲ್ಲ, ಅದು ಹಾಗೇ ಇತ್ತು. ಆದರೆ ಆ ಖಾಲಿಯೊಳಗೆ ತಾನೊಬ್ಬನೇ ಇಲ್ಲ ಎಂದು ಅವನಿಗೆ ಅನ್ನಿಸಿತು. ಅಜ್ಜಿ ಗುಡಿಸಿ ಮುಗಿಸುವವರೆಗೂ ಎದ್ದೇಳಲಿಲ್ಲ.

ಮುಂದಿನ ಭಾನುವಾರ ಬಿನ್ನಹಗಳ ಹೊತ್ತಿಗೆ ಕಂಬದ ಹಿಂದಿನಿಂದ ಒಂದು ಒರಟು ದನಿ ಬಂತು: "ಗಂಟೆ ಅಜ್ಜಿಯ ಭುಜದ ನೋವಿಗಾಗಿ ಬೇಡ್ಕೊಳ್ಳಿ. ಸಾಹುಕಾರರ ಮನೆಯವರ ಮಂಡಿಗೂ ಸೇರಿಸ್ಕೊಳ್ಳಿ." ಹೇಳುವ ಧಾಟಿ ಬೈಗುಳದ ಹಾಗೇ ಇತ್ತು. ಚರ್ಚು ತಲೆ ತಿರುಗಿಸದೆ ಎಂದಿನ ರಾಗದಲ್ಲಿ ಉತ್ತರಿಸಿತು.

ಪೂಜೆ ಮುಗಿದು ಎಷ್ಟೋ ಹೊತ್ತಾದರೂ ಅಪ್ಪ ಬಾರದ್ದನ್ನು ನೋಡಿ ಮಗಳು ಹುಡುಕಿಕೊಂಡು ಬಂದಳು. ಅವನು ಆಗಷ್ಟೇ ಎದ್ದು, ಮೊಣಕಾಲು ತಿಕ್ಕಿಕೊಳ್ಳುತ್ತ, ಬಗ್ಗಿ ದಿಂಬನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. ದಿಂಬು ಹೆಬ್ಬೆರಳನ್ನು ವಾಪಸು ತಳ್ಳಿತು. ಒಂದು ಎಳೆಯಷ್ಟೂ ತಗ್ಗಿರಲಿಲ್ಲ.

"ಎಷ್ಟು ದಿನ ಹೀಗೆ ಬರ್ತೀಯಪ್ಪ?" ಎಂದಳು ಮಗಳು.

"ಇದು ಅವಳದರಷ್ಟು ತಗ್ಗೋವರೆಗೆ."

"ಯಾವಾಗ ತಗ್ಗುತ್ತೆ?"

ಮೇಸ್ತ್ರಿ ಮಗಳ ಹೆಗಲ ಮೇಲೆ ಕೈಯಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡ. "ನಾನೇ ತುಂಬಿದ್ದಲ್ವೇನೇ?" ಎಂದ. "ನಾನು ಬದುಕಿರೋವರೆಗೂ ತಗ್ಗಲ್ಲ."